ಬಿದನೂರಿನ ರಾಣಿ ವೀರಮ್ಮಾಜಿ: ಪದೇ ಪದೇ ಕೇಳುವ ಪ್ರಶ್ನೆಗಳು

ಭಾನುವಾರ ಬೆಳಗ್ಗೆ ಲಾಲ್‌ಬಾಗಿನ ಬಂಡೆಯ ಮೇಲೆ ಹತ್ತಿಪ್ಪತ್ತು ಜನರನ್ನು ಕೂರಿಸಿಕೊಂಡು ಹಳೆ ಮೈಸೂರಿನ ಕಥೆ ಹೇಳುವುದು ನನ್ನ ಹವ್ಯಾಸ. ತವರು ಹೊಸನಗರದ ಕಡೆ, ಸಂಸಾರ ಹನುಮಂತನಗರದಲ್ಲಿ. ತೋಟ ಹಾಕಿಸಿದ ಹೈದರ್ ಅಲಿಯಿಂದ ಮಾತು ಶುರುವಾದರೂ ಅರ್ಧ ಗಂಟೆಯೊಳಗೆ ಅದು ನಮ್ಮೂರಿನ ರಾಣಿಯ ಹತ್ತಿರ ಬಂದು ನಿಲ್ಲುತ್ತದೆ. ಕೆಳಗಿರುವುದು ಅಲ್ಲಿ ಕೇಳಿದ, ಆಮೇಲೆ ಫೋನಿನಲ್ಲಿ ಕೇಳಿದ, ಕಾಗದ ಬರೆದು ಕೇಳಿದ ಪ್ರಶ್ನೆಗಳು. ಕೇಳಿದವರ ಧಾಟಿಯನ್ನು ತಿದ್ದಿಲ್ಲ.

## ಮೊದಲ ಪರಿಚಯ

ವೀರಮ್ಮಾಜಿನಾ? ಯಾರವಳು? ಹೆಸರೇ ಕೇಳಿಲ್ಲವಲ್ಲ ಮೇಡಂ!

ಕೆಳದಿ ಅರಸರ ಕೊನೆಯ ರಾಣಿ. ಇಮ್ಮಡಿ ಬಸವಪ್ಪ ನಾಯಕನ ಹೆಂಡತಿ. ಗಂಡ ತೀರಿಕೊಂಡ ಮೇಲೆ ದತ್ತುಮಗ ಚೆನ್ನಬಸಪ್ಪ ನಾಯಕ ಪಟ್ಟಕ್ಕೆ ಬಂದ. 1757ರಲ್ಲಿ ಅವನೂ ಹೋದ. ಆಗ ಸೋಮಶೇಖರ ಎಂಬ ಹುಡುಗನನ್ನು ದತ್ತು ತೆಗೆದುಕೊಂಡು, ಅವನ ಹೆಸರಿನಲ್ಲಿ ರಾಜ್ಯದ ಹೊಣೆಯನ್ನು ಈಕೆಯೇ ಹೊತ್ತಳು. 1763ರಲ್ಲಿ ಹೈದರ್ ಬಿದನೂರನ್ನು ಹಿಡಿಯುವವರೆಗೆ, ಅಂದರೆ ಹೆಚ್ಚುಕಡಿಮೆ ಆರು ವರ್ಷ ಆಳಿದಳು.

ಆ ಆರು ವರ್ಷದ ಆಡಳಿತದ ಬಗ್ಗೆ ಯಾರೂ ಕೇಳುವುದಿಲ್ಲ. ಹೆಸರು ಗೊತ್ತಿರುವ ನಾಲ್ಕು ಜನಕ್ಕೂ ಗೊತ್ತಿರುವುದು ಒಂದೇ: ‘ಮಗನನ್ನು ಕೊಲ್ಲಿಸಿದವಳು.’

ಕೆಳದಿ ಚೆನ್ನಮ್ಮ, ಕಿತ್ತೂರು ಚೆನ್ನಮ್ಮ, ಈ ವೀರಮ್ಮ... ಎಲ್ಲ ಒಂದೇ ಮನೆತನದವರಾ?

ಅಲ್ಲ. ಕಿತ್ತೂರು ಚೆನ್ನಮ್ಮ ಕಂಪನಿ ಸರ್ಕಾರದ ವಿರುದ್ಧ ನಿಂತದ್ದು 1824ರಲ್ಲಿ, ಈಗಿನ ಬೆಳಗಾವಿ ಸೀಮೆಯಲ್ಲಿ. ಆ ಮನೆತನವೇ ಬೇರೆ. ಕೆಳದಿ ಚೆನ್ನಮ್ಮಾಜಿ ಅದಕ್ಕಿಂತ ನೂರೈವತ್ತು ವರ್ಷ ಹಿಂದಿನವಳು. 1672ರಿಂದ 1697ರವರೆಗೆ ಆಳಿದಳು, ಔರಂಗಜೇಬನ ಸೈನ್ಯ ಬೆನ್ನಟ್ಟಿದ್ದ ಶಿವಾಜಿಯ ಮಗ ರಾಜಾರಾಮನಿಗೆ 1689ರಲ್ಲಿ ಆಶ್ರಯ ಕೊಟ್ಟಳು. ವೀರಮ್ಮಾಜಿ ಅದೇ ಕೆಳದಿ ಮನೆತನಕ್ಕೆ ಎರಡು ಮೂರು ತಲೆಮಾರು ಆದಮೇಲೆ ಸೊಸೆಯಾಗಿ ಬಂದವಳು.

ಬಿದನೂರು ಅಂತ ಮ್ಯಾಪಲ್ಲಿ ಹುಡುಕಿದೆ. ಸಿಗಲೇ ಇಲ್ಲ.

ಸಿಗುವುದಿಲ್ಲ. ಗೆದ್ದ ಮೇಲೆ ಹೈದರ್ ಅದಕ್ಕೆ ಹೈದರ್‌ನಗರ ಎಂದು ಹೆಸರಿಟ್ಟ. ಜನರ ಬಾಯಲ್ಲಿ ಮುಂದಿನದ್ದು ಸವೆದು ಬರೀ ‘ನಗರ’ ಉಳಿಯಿತು. ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನಲ್ಲಿರುವ ಒಂದು ಸಣ್ಣ ಊರು ಅದು. ‘ನಗರಕ್ಕೆ ಹೋಗಿದ್ದೆ’ ಎಂದು ನಮ್ಮ ಕಡೆಯವರು ಹೇಳಿದರೆ ಬೆಂಗಳೂರಿನವರು ಮೆಜೆಸ್ಟಿಕ್ ಎಂದುಕೊಳ್ಳುತ್ತಾರೆ. ಮದುವೆಯಾದ ಹೊಸದರಲ್ಲಿ ನಮ್ಮ ಮನೆಯಲ್ಲೂ ಈ ಗೊಂದಲ ಆಗಿದೆ.

ಮೂಲ ಹೆಸರಿನಲ್ಲಿ ಬಿದಿರು ಇದೆ: ಬಿದಿರೂರು, ಬಿದನೂರು. ಕೆಳದಿ, ಇಕ್ಕೇರಿ ಆದಮೇಲೆ ಈ ಮನೆತನಕ್ಕೆ ಇದು ಮೂರನೆಯ ರಾಜಧಾನಿ. ಘಟ್ಟದ ಅಂಚಿನಲ್ಲಿತ್ತು. ಕರಾವಳಿಯ ಬಂದರುಗಳಿಂದ ಮೇಲೆ ಬರುವ, ಕೆಳಗೆ ಇಳಿಯುವ ಮೆಣಸು, ಅಕ್ಕಿ, ಅಡಿಕೆಗೆಲ್ಲ ಇದೇ ಬಾಗಿಲು. ಆ ಬಾಗಿಲ ಸುಂಕವೇ ರಾಜ್ಯದ ಸಿರಿ. ಆ ಸಿರಿಯೇ ಮುಂದೆ ರಾಣಿಗೆ ಮುಳುವಾಯಿತು.

ಮಲೆನಾಡಿನ ರಾಣಿಗೂ ನಮ್ಮ ಬೆಂಗಳೂರಿಗೂ ಏನು ಸಂಬಂಧ?

ನೀವು ಕೂತಿರುವ ಬಂಡೆಯ ಸುತ್ತಲಿನ ತೋಟವೇ ಸಂಬಂಧ. ಹೈದರ್ ಈ ತೋಟಕ್ಕೆ ಕೈ ಹಾಕಿದ್ದು 1760ರ ಆಸುಪಾಸಿನಲ್ಲಿ. ಅದೇ ವರ್ಷ ಶ್ರೀರಂಗಪಟ್ಟಣದಲ್ಲಿ ಅವನದೇ ಕಡೆಯ ಖಂಡೇರಾವ್ ತಿರುಗಿಬಿದ್ದಾಗ ರಾತ್ರೋರಾತ್ರಿ ಓಡಿ ಬಂದು ಸೇರಿಕೊಂಡದ್ದು ಬೆಂಗಳೂರಿನ ಕೋಟೆಯನ್ನೇ. ಇಲ್ಲಿಂದ ಚೇತರಿಸಿಕೊಂಡ. 1761ರಲ್ಲಿ ಹೊಸಕೋಟೆ, ಶಿರಾ, ದೊಡ್ಡಬಳ್ಳಾಪುರ. ಆಮೇಲೆ ರಾಯದುರ್ಗ, ಹರಪನಹಳ್ಳಿ, ಚಿತ್ರದುರ್ಗದ ಪಾಳೆಯಗಾರರು. ಈಗ ನಾವು ಸೈಟು ಹುಡುಕಿಕೊಂಡು ಹೋಗುವ ದಾರಿಯಲ್ಲೇ ಅವನ ದಂಡು ಹೋಗಿದೆ. ಬಿದನೂರು ಆ ದಾರಿಯ ದೊಡ್ಡ ಬೇಟೆ.

ಇನ್ನೊಂದು ಸಂಬಂಧವೂ ಇದೆ. ಶನಿವಾರ ರಾತ್ರಿ ಬ್ಯಾಗು ಹೆಗಲಿಗೇರಿಸಿ ಹೊರಡುವ ಹುಡುಗ ಹುಡುಗಿಯರ ಪಟ್ಟಿಯಲ್ಲಿ ಬಲ್ಲಾಳರಾಯನ ದುರ್ಗ ಇರುತ್ತದೆ, ಮಧುಗಿರಿ ಇರುತ್ತದೆ. ಒಂದು ಅವಳು ಓಡಿಹೋದ ಜಾಗ, ಇನ್ನೊಂದು ಅವಳನ್ನು ಕೂಡಿಹಾಕಿದ ಜಾಗ. ಎರಡನ್ನೂ ಹತ್ತಿ ಬಂದು ಫೋಟೋ ತೋರಿಸಿದವರಿಗೆ ನಾನು ಇದನ್ನು ಹೇಳಿದಾಗ ಒಂದು ಕ್ಷಣ ಮಾತು ನಿಲ್ಲುತ್ತದೆ.

## ಆರೋಪದ ವಿಚಾರ

ಸುತ್ತಿ ಬಳಸಿ ಹೇಳಬೇಡಿ. ಅವಳು ಮಾಡಿದಳು ಅನ್ನೋದು ಏನು?

ಸರಿ. ಕಥೆ ಹೀಗಿದೆ. ವಿಧವೆ ರಾಣಿಗೆ ನಿಂಬಯ್ಯ ಎಂಬ ಸೇವಕನ ಜೊತೆ ಸಂಬಂಧವಿತ್ತು. ಪ್ರಾಯಕ್ಕೆ ಬರುತ್ತಿದ್ದ ದತ್ತುಮಗ ಚೆನ್ನಬಸಪ್ಪ ಅದನ್ನು ಸಹಿಸಲಿಲ್ಲ, ಬಾಯಿಬಿಟ್ಟು ಆಕ್ಷೇಪಿಸಿದ. ರಾಣಿ ಒಬ್ಬ ಜಟ್ಟಿಯನ್ನು ಗೊತ್ತುಮಾಡಿದಳು. ಎಣ್ಣೆ ನೀರಿನ ಹೊತ್ತಿನಲ್ಲಿ ಮೈ ತಿಕ್ಕುತ್ತಾ ತಿಕ್ಕುತ್ತಾ ಆ ಜಟ್ಟಿ ಹುಡುಗನ ಕತ್ತನ್ನು ಲಟಕ್ಕನೆ ತಿರುಗಿಸಿಬಿಟ್ಟ.

ನೋಡಿ, ಇದನ್ನು ಬರೆಯುವಾಗಲೂ ನನ್ನ ಕೈಗೆ ಒಂದು ವೇಗ ಬಂತು. ಕಥೆಗೆ ಆ ಗುಣ ಇದೆ. ಹತ್ತು ಹನ್ನೆರಡು ವರ್ಷದ ಹಿಂದೆ ನಾನೂ ಇದನ್ನು ಇದೇ ಬಂಡೆಯ ಮೇಲೆ ಕೂತು ‘ಲಟಕ್ಕನೆ’ ಎನ್ನುವಾಗ ಬೆರಳು ನೆಟಿಗೆ ಮುರಿದು ಹೇಳಿದವಳೇ. ಜನ ‘ಅಯ್ಯೋ’ ಎನ್ನುತ್ತಿದ್ದರು. ನನಗೆ ಖುಷಿಯಾಗುತ್ತಿತ್ತು. ಒಂದು ದಿನ ಮುಂದಿನ ಸಾಲಿನಲ್ಲಿದ್ದ ಹೈಸ್ಕೂಲು ಹುಡುಗಿಯೊಬ್ಬಳು, ‘ಬಚ್ಚಲಲ್ಲಿ ಇದ್ದದ್ದು ಇಬ್ಬರೇ ಅಲ್ವಾ ಆಂಟಿ, ಇದನ್ನು ಹೊರಗಡೆ ಹೇಳಿದ್ದು ಯಾರು?’ ಎಂದಳು. ಆ ಹುಡುಗಿಗೆ ಉತ್ತರ ಹುಡುಕುವುದಕ್ಕೆ ಹೋಗಿ ಈ ಪ್ರಶ್ನೋತ್ತರವೆಲ್ಲ ಹುಟ್ಟಿತು.

ಇದನ್ನು ಬರೆದಿಟ್ಟವರು ಯಾರು?

ಇಂಗ್ಲಿಷ್ ಬಲ್ಲ ಜಗತ್ತಿಗೆ ಇದನ್ನು ಹಬ್ಬಿಸಿದವನು ಮಾರ್ಕ್ ವಿಲ್ಕ್ಸ್. ಟಿಪ್ಪು ಸತ್ತ ಮೇಲೆ ಮೈಸೂರಿನಲ್ಲಿ ಕಂಪನಿಯ ರೆಸಿಡೆಂಟ್, ಅಂದರೆ ಆಸ್ಥಾನದಲ್ಲಿ ಕಂಪನಿಯ ಪ್ರತಿನಿಧಿ, ಆಗಿದ್ದ ಸೇನಾಧಿಕಾರಿ. ಅವನ ದಕ್ಷಿಣ ಭಾರತದ ಇತಿಹಾಸದ ಮೊದಲ ಸಂಪುಟ ಅಚ್ಚಾದದ್ದು 1810ರಲ್ಲಿ, ಉಳಿದವು 1817ರಲ್ಲಿ. ಬಿದನೂರು ಬಿದ್ದು ಆಗಲೇ ಅರ್ಧ ಶತಮಾನ ಸರಿದಿತ್ತು. ಮುಂದೆ ಬಂದ ಗೆಜೆಟಿಯರುಗಳು, ಪಠ್ಯಪುಸ್ತಕಗಳು, ಕಾದಂಬರಿ ನಾಟಕದ ಮಾತುಗಳು ಬಹುಪಾಲು ಅವನ ಹಿಂದೆ ಸಾಲುಗಟ್ಟಿದವು.

ವಿಲ್ಕ್ಸ್ ಸುಳ್ಳುಗಾರನಲ್ಲ. ಶ್ರಮಪಟ್ಟು ಬರೆದವನು, ದಾಖಲೆ ಹುಡುಕಿದವನು, ಬದುಕಿದ್ದ ಮುದುಕರನ್ನು ಕೂರಿಸಿ ಕೇಳಿದವನು. ಆದರೆ ಶ್ರೀರಂಗಪಟ್ಟಣ, ಮೈಸೂರಿನಲ್ಲಿ ಅವನಿಗೆ ಸಿಗುತ್ತಿದ್ದ ಮುದುಕರು ಯಾವ ಪಾಳೆಯದವರು? ಗೆದ್ದ ದಂಡಿನ ಜೊತೆ ಬಿದನೂರಿಗೆ ಹೋಗಿ ಬಂದವರು, ಅವರ ಮಕ್ಕಳು. ಬಿದನೂರಿನ ಅಂತಃಪುರದ ಹೆಂಗಸರು ಅವನ ಮುಂದೆ ಬಂದು ಕೂತವರಲ್ಲ.

ಜಟ್ಟಿಯ ಬಗ್ಗೆಯೂ ಒಂದು ಮಾತು. ಮೈಸೂರು ಸೀಮೆಯ ಜಟ್ಟಿಗಳು ಕುಸ್ತಿಯ ಜೊತೆಗೆ ಮೈ ತಿಕ್ಕುವುದು, ಉಳುಕು ತೆಗೆಯುವುದರಲ್ಲೂ ಪಳಗಿದವರು. ಟಿಪ್ಪುವಿನ ಸೆರೆಯಲ್ಲಿದ್ದು ಬಂದ ಇಂಗ್ಲಿಷರ ಕಥನಗಳಲ್ಲಿ ‘ಕತ್ತು ತಿರುಗಿಸಿ ಕೊಲ್ಲುವ ಜಟ್ಟಿ’ ಮತ್ತೆ ಮತ್ತೆ ಬರುತ್ತಾನೆ. ವಿಲ್ಕ್ಸ್‌ನ ಓದುಗರಿಗೆ ಅವನು ಹಳೆಯ ಪರಿಚಯ. ಬಿದನೂರಿನ ಬಚ್ಚಲಿಗೆ ಅವನು ನಡೆದುಬಂದದ್ದು ಅಲ್ಲಿಂದಲೇ ಇರಬೇಕು ಎನ್ನುವುದು ನನ್ನ ಗುಮಾನಿ.

ಬೆಂಕಿ ಇಲ್ಲದೆ ಹೊಗೆ ಆಡುತ್ತಾ? ಏನೋ ನಡೆದಿರಲೇಬೇಕು.

ಅತಿ ಹೆಚ್ಚು ಕೇಳಿದ ಪ್ರಶ್ನೆ ಇದು. ಹೊಗೆ ಯಾವ ಒಲೆಯಿಂದ ಬಂತು ಎಂದು ನೋಡೋಣ.

ಬಿದನೂರಿಗೆ ಹೈದರ್ ಬರೀಗೈಯಲ್ಲಿ ಬರಲಿಲ್ಲ, ಒಬ್ಬ ಮನುಷ್ಯನನ್ನು ಕರೆತಂದ. ‘ನಾನೇ ಚೆನ್ನಬಸಪ್ಪ ನಾಯಕ. ಸತ್ತಿಲ್ಲ. ಸಿಂಹಾಸನ ನನ್ನದು’ ಎನ್ನುತ್ತಿದ್ದವನು ಅವನು. ಅವನನ್ನು ಹೈದರನಿಗೆ ಮುಟ್ಟಿಸಿದ್ದು ಚಿತ್ರದುರ್ಗದ ಪಾಳೆಯಗಾರ. ಹಕ್ಕುದಾರನಿಗೆ ಅವನ ರಾಜ್ಯ ಕೊಡಿಸಲು ಹೋಗುತ್ತಿದ್ದೇವೆ ಎಂಬುದು ದಂಡಯಾತ್ರೆಗೆ ಹೇಳಿಕೊಂಡ ಕಾರಣ.

ಈಗ ಈ ಮನುಷ್ಯನ ಕಷ್ಟ ಯೋಚಿಸಿ. 1757ರಲ್ಲಿ ಸತ್ತನೆಂದು ಊರಿಗೆಲ್ಲ ಗೊತ್ತಿರುವ ರಾಜ, ಐದಾರು ವರ್ಷ ಎಲ್ಲಿದ್ದ? ಯಾಕೆ ಬಾಯಿ ಮುಚ್ಚಿಕೊಂಡಿದ್ದ? ಇದಕ್ಕೆ ಉತ್ತರ ಬೇಕು. ಅವನು ಕೊಟ್ಟ ಉತ್ತರ: ರಾಣಿ ನನ್ನನ್ನು ಕೊಲ್ಲಲು ಜಟ್ಟಿಯನ್ನು ಕಳಿಸಿದಳು, ಜಟ್ಟಿಗೆ ಕರುಣೆ ಬಂತು, ನನ್ನನ್ನು ಐದು ವರ್ಷ ತನ್ನ ಮನೆಯಲ್ಲಿ ಬಚ್ಚಿಟ್ಟ, ಆಮೇಲೆ ತಪ್ಪಿಸಿಕೊಂಡು ಬಂದೆ.

ಗಮನಿಸಿದಿರಾ? ಕೊಲೆಯ ಸಂಚು ಇಲ್ಲದಿದ್ದರೆ ಈ ಮನುಷ್ಯನಿಗೆ ಅಸ್ತಿತ್ವವೇ ಇಲ್ಲ. ಅವನ ಅಂಗಿಗೆ ಗುಂಡಿ ಇದ್ದ ಹಾಗೆ ಆ ಕಥೆ. ಸಂಚಿಗೆ ಕಾರಣ ಬೇಕು, ಕಾರಣಕ್ಕೆ ಒಬ್ಬ ನಿಂಬಯ್ಯ ಬೇಕು. ಹೀಗೆ ಒಂದರ ಹಿಂದೆ ಒಂದು.

ಇಲ್ಲಿಂದ ಮುಂದೆ ಎರಡೇ ದಾರಿ. ಅವನು ನಿಜವಾದ ಚೆನ್ನಬಸಪ್ಪನೇ ಆಗಿದ್ದರೆ ರಾಣಿ ಮಗನನ್ನು ಕೊಲ್ಲಲಿಲ್ಲ, ಹುಡುಗ ಬದುಕಿದ್ದಾನೆ. ಅವನು ಸುಳ್ಳು ಚೆನ್ನಬಸಪ್ಪ ಆಗಿದ್ದರೆ ಜಟ್ಟಿಯ ಮನೆಯ ಕಥೆ ಸುಳ್ಳುಗಾರನೊಬ್ಬನ ಬಾಯಿಂದ ಬಂದದ್ದು. ಆದರೆ ಮುಂದಿನವರು ಏನು ಮಾಡಿದರು ಗೊತ್ತೇ? ಅವನು ಸುಳ್ಳುಗಾರ ಎಂದು ಒಪ್ಪಿಕೊಂಡರು, ಅವನು ತಂದ ಕಥೆಯನ್ನು ಮಾತ್ರ ಜೋಪಾನವಾಗಿ ಇಟ್ಟುಕೊಂಡರು! ಕಳ್ಳನೋಟು ಎಂದು ಗೊತ್ತಾದ ಮೇಲೂ ಅದಕ್ಕೆ ಚಿಲ್ಲರೆ ಕೊಟ್ಟ ಹಾಗಾಯಿತು.

ಹೈದರ್ ಅವನನ್ನು ನಂಬಿದ್ದನೇ ಎಂಬುದಕ್ಕೆ ಅವನು ನಡೆದುಕೊಂಡ ರೀತಿಯೇ ಸಾಕ್ಷಿ. ಊರು ಕೈಗೆ ಬಂದಮೇಲೆ ಸಿಂಹಾಸನ ಕೊಡಲಿಲ್ಲ. ರಾಣಿಯನ್ನೂ, ದತ್ತುಮಗ ಸೋಮಶೇಖರನನ್ನೂ, ಈ ‘ಹಕ್ಕುದಾರ’ನನ್ನೂ ಒಟ್ಟಿಗೆ ಮಧುಗಿರಿಯ ಸೆರೆಗೆ ಅಟ್ಟಿದ. ಮೈಸೂರಿನ ಸೈನಿಕರೇ ಅವನಿಗೆ ‘ಘೈಬು ರಾಜ’ ಎಂದು ಅಡ್ಡಹೆಸರು ಇಟ್ಟಿದ್ದರಂತೆ, ಗಾಯಬ್ ಆಗಿ ಮತ್ತೆ ಎದ್ದುಬಂದವನು ಎಂಬ ಗೇಲಿ. ದಂಡಿನ ಸಿಪಾಯಿಗೂ ನಗು ಬರುತ್ತಿದ್ದ ಕಥೆಯನ್ನು ನಾವು ಇನ್ನೂರೈವತ್ತು ವರ್ಷ ಗಂಭೀರವಾಗಿ ಹೇಳಿಕೊಂಡು ಬಂದಿದ್ದೇವೆ.

ಅಂದರೆ ರಾಣಿಗೆ ಮಗನನ್ನು ತೆಗೆಯೋ ಕಾರಣವೇ ಇರಲಿಲ್ಲ ಅಂತೀರಾ?

ಹಾಗೆ ಹೇಳಲಾರೆ. ದತ್ತುಮಗ ದೊಡ್ಡವನಾದರೆ ರಾಜಮಾತೆಯ ಕೈಯಿಂದ ಬೀಗದಕೈ ಜಾರುತ್ತದೆ. ಇದು ಯಾವ ಅರಮನೆಗೂ ಹೊಸದಲ್ಲ, ಆಸ್ತಿ ಇರುವ ಯಾವ ಮನೆಗೂ ಹೊಸದಲ್ಲ. ಲಾಭ ಇತ್ತು ಎಂದಮಾತ್ರಕ್ಕೆ ಕೊಲೆ ಮಾಡಿದಳು ಎನ್ನುವುದಾದರೆ, ಚಿಕ್ಕಪ್ಪ ಸತ್ತಮೇಲೆ ಜಮೀನು ಬಂದವರನ್ನೆಲ್ಲ ಠಾಣೆಗೆ ಕರೆಸಬೇಕಾಗುತ್ತದೆ. ಲಾಭದ ಲೆಕ್ಕವನ್ನು ಎರಡೂ ಕಡೆ ಹಾಕಿ: ಈ ಕಥೆ ಹಬ್ಬುವುದರಿಂದ ಯಾರಿಗೆ ಲಾಭವಾಯಿತು ಎಂದೂ ಕೇಳಿ.

ಹಾಗಾದರೆ ಅಪವಾದ ಹುಟ್ಟಿಸಿದ್ದು ಹೈದರನೇ. ನೇರ ಹೇಳಿ, ಯಾಕೆ ಹಿಂಜರಿಯುತ್ತೀರಿ?

ಈ ಪ್ರಶ್ನೆ ಬರುವ ದನಿ ನನಗೆ ಈಗ ಗುರುತು ಸಿಗುತ್ತದೆ. ರಾಣಿಯ ಮಾನದ ಮೇಲಿನ ಕಾಳಜಿಗಿಂತ ಇವತ್ತಿನ ಜಗಳಕ್ಕೆ ಒಂದು ಕಲ್ಲು ಬೇಕಾಗಿರುತ್ತದೆ. ಎದುರು ಪಕ್ಷದವರೂ ಅಷ್ಟೇ: ಹೈದರನ ಹೆಸರು ಕೆಡದಿರಲಿ ಎಂದು ರಾಣಿಯ ಕಥೆಯನ್ನು ಹಾಗೇ ಬಿಟ್ಟುಬಿಡುತ್ತಾರೆ.

ನನಗೆ ಕಾಣುವುದು ಇಷ್ಟು. ಅವನು ಆ ಮನುಷ್ಯನನ್ನು ಬಳಸಿಕೊಂಡ, ಕೆಲಸ ಮುಗಿದ ಮೇಲೆ ಬಿಸಾಕಿದ. ಆ ಮನುಷ್ಯನನ್ನು ಮುಂದೆ ತಂದ ಚಿತ್ರದುರ್ಗದ ಪಾಳೆಯಗಾರನಿಗೆ ಬಿದನೂರಿನ ಜೊತೆ ಅವನದೇ ಹಳೆಯ ಹಗೆತನ. (1779ರಲ್ಲಿ ಅದೇ ಹೈದರ್ ಚಿತ್ರದುರ್ಗವನ್ನೂ ನುಂಗಿದ, ಅದು ಬೇರೆ ಮಾತು.) ದಾರಿಯಲ್ಲಿ ಕುಂಸಿಯ ಸೆರೆಮನೆಯಲ್ಲಿ ಸಿಕ್ಕ ಬಿದನೂರಿನ ಹಳೆಯ ಮಂತ್ರಿಯೊಬ್ಬ ಕೋಟೆಗೆ ಹೋಗುವ ಗುಟ್ಟಿನ ದಾರಿ ತೋರಿಸಿದ. ಅವನಿಗೂ ರಾಣಿಯ ಮೇಲೆ ಕೋಪ. ಕೊನೆಗೆ ಬಂದ ವಿಲ್ಕ್ಸ್‌ಗೆ ಹೈದರ್ ಮೇಲೆ ಏನೂ ಪ್ರೀತಿ ಇರಲಿಲ್ಲ, ಅವನ ದೃಷ್ಟಿಯಲ್ಲಿ ಹೈದರ್ ರಾಜ್ಯ ಕಸಿದವನು. ಆದರೂ ರಾಣಿಯ ವಿಷಯ ಬಂದಾಗ ಹೈದರನ ಪಾಳೆಯದ ಮಾತನ್ನೇ ತೆಗೆದುಕೊಂಡ. ಯಾಕೆಂದರೆ ‘ನಾಡಿನ ಅರಸರೆಲ್ಲ ಹೀಗೆಯೇ, ನಾವು ಬಂದದ್ದು ಒಳ್ಳೆಯದಾಯಿತು’ ಎನ್ನುವುದಕ್ಕೆ ಅದೂ ಒದಗುತ್ತಿತ್ತು. ಬಿದ್ದವರಿಗೆ ಆಳಿಗೊಂದು ಕಲ್ಲು. ಎಸೆದವರು ಬೇರೆ ಬೇರೆ ಗುಂಪಿನವರು. ಎತ್ತಿ ನಿಲ್ಲಿಸುವುದಕ್ಕೆ ಅವಳ ಕಡೆಯವರು ಅಂತ ಯಾರೂ ಉಳಿದಿರಲಿಲ್ಲ.

ಯುದ್ಧ ಮಾಡದೆ ಅರಮನೆಗೆ ಬೆಂಕಿ ಹಚ್ಚಿ ಓಡಿಹೋದಳಂತಲ್ಲ. ಇದು ಹೇಡಿತನ ಅಲ್ವಾ?

1763ರ ಆರಂಭದಲ್ಲಿ ಹೈದರನ ದಂಡು ಶಿವಮೊಗ್ಗ, ಕುಂಸಿ, ಆನಂದಪುರದ ದಾರಿಯಲ್ಲಿ ಬಂತು. ರಾಣಿ ಮೊದಲು ಹಣ ಕೊಟ್ಟು ಹಿಂದಿರುಗಿಸಲು ನೋಡಿದಳು, ದಂಡು ಹತ್ತಿರವಾದಂತೆ ಮೊತ್ತ ಏರಿಸಿದಳು. ಅದು ಆ ಕಾಲದ ರೂಢಿ. ಮರಾಠರು ಬಂದಾಗಲೂ ದಕ್ಷಿಣದ ರಾಜ್ಯಗಳು ಮಾಡುತ್ತಿದ್ದದ್ದು ಅದನ್ನೇ, ಮೈಸೂರೂ ಕೂಡ. ಹಣ ಕೊಟ್ಟು ಊರು ಉಳಿಸಿದ ಗಂಡಸರಿಗೆ ‘ಮುತ್ಸದ್ದಿ’ ಎನ್ನುತ್ತೇವೆ.

ಬಿದನೂರಿಗೆ ಕಾಡೇ ಕೋಟೆ. ಸುತ್ತಲ ಗುಡ್ಡದ ದಾರಿಗಳನ್ನು ಕಟ್ಟಿದರೆ ಒಳಗೆ ನುಗ್ಗುವುದು ಕಷ್ಟ ಎಂಬ ಲೆಕ್ಕದ ಮೇಲೆ ಆ ಊರು ನಿಂತಿತ್ತು. ಒಳದಾರಿ ಬಲ್ಲ ಹಳೆಯ ಮಂತ್ರಿ ಶತ್ರುವಿನ ಮುಂದೆ ನಡೆದ ಕ್ಷಣಕ್ಕೆ ಆ ಲೆಕ್ಕ ತಪ್ಪಿತು. ಆಮೇಲೆ ಅವಳು ಮಾಡಿದ್ದು: ಖಜಾನೆಯಿರುವ ಅರಮನೆ ಶತ್ರುವಿನ ಕೈಗೆ ಹಾಗೇ ಸಿಗದಿರಲೆಂದು ಬೆಂಕಿ ಇಡಿಸಿದಳು, ಹುಡುಗನನ್ನು ಕರೆದುಕೊಂಡು ಬಲ್ಲಾಳರಾಯನ ದುರ್ಗಕ್ಕೆ ಹೋದಳು. ಹೈದರ್ ಬೆಂಕಿ ಆರಿಸಿದ, ಊರಿನ ಸಿರಿವಂತರ ಮನೆಗಳಿಗೆ ಮುದ್ರೆ ಹಾಕಿಸಿದ. ಸ್ವಲ್ಪ ದಿನಕ್ಕೆ ದುರ್ಗವೂ ಬಿತ್ತು.

ದುರ್ಗದಹಳ್ಳಿಯಿಂದ ಆ ಗುಡ್ಡ ಹತ್ತುವಾಗ ಮಂಜು ಇಳಿದರೆ ಮುಂದಿನವರ ಬೆನ್ನು ಕಾಣುವುದಿಲ್ಲ. ನಾನು ಹತ್ತಿದ್ದು ನವೆಂಬರಿನಲ್ಲಿ, ನೀರಿನ ಬಾಟಲಿ, ಒಳ್ಳೆ ಶೂ ಎಲ್ಲ ಇಟ್ಟುಕೊಂಡು. ಅಷ್ಟಕ್ಕೇ ಅರ್ಧದಲ್ಲಿ ಎರಡು ಸಲ ಕೂತೆ. ಹೇಡಿ ಎನ್ನುವವರು ಒಮ್ಮೆ ಹತ್ತಿ ಬರಲಿ.

ಕೊನೆಗೆ ಏನಾದಳು? ಮಧುಗಿರಿಯಲ್ಲೇ ಸತ್ತಳಾ?

ಇಲ್ಲ. ನಾನೂ ಒಂದು ಸಲ ಮಧುಗಿರಿಗೆ ಗುಂಪು ಕರೆದುಕೊಂಡು ಹೋದಾಗ ‘ಇಲ್ಲೇ ಪ್ರಾಣ ಬಿಟ್ಟಳು’ ಎಂದು ದೊಡ್ಡದಾಗಿ ಹೇಳಿಬಿಟ್ಟಿದ್ದೆ. ಬೆಟ್ಟದ ಬುಡದಲ್ಲಿ ಕಡಲೆಕಾಯಿ ಮಾರುತ್ತಿದ್ದ ಅಜ್ಜ, ‘ಮರಾಠರು ಬಿಡಿಸ್ಕೊಂಡು ಹೋದ್ರಲ್ಲಮ್ಮ’ ಎಂದು ಮೆಲ್ಲಗೆ ತಿದ್ದಿದ. ಬೆಂಗಳೂರಿಗೆ ಬಂದು ಪುಸ್ತಕ ತೆಗೆದು ನೋಡಿದರೆ ಅಜ್ಜನೇ ಸರಿ. 1767ರಲ್ಲಿ ಪೇಶ್ವೆ ಮಾಧವರಾಯನ ಸೈನ್ಯ ಮಧುಗಿರಿಯನ್ನು ಹಿಡಿದು ರಾಣಿಯನ್ನೂ ಸೋಮಶೇಖರನನ್ನೂ ಬಿಡಿಸಿತು. ಪುಣೆಗೆ ಹೋಗುವ ದಾರಿಯಲ್ಲಿ ಅವಳು ತೀರಿಕೊಂಡಳು.

ನಾಲ್ಕು ವರ್ಷ ಆ ಬೆಟ್ಟದಲ್ಲಿದ್ದಳು. ಒಂದೇ ಕಲ್ಲಿನ ಬೆಟ್ಟ ಅದು, 3,900 ಅಡಿಗೂ ಮೇಲೆ. ಕೆಳಗೆ ವೆಂಕಟರಮಣ, ಮಲ್ಲೇಶ್ವರ ದೇವಸ್ಥಾನಗಳು. ಮೇಲೆ ಅಂತರಾಳದ ಬಾಗಿಲು, ದಿಡ್ಡಿ ಬಾಗಿಲು, ಮೈಸೂರು ಬಾಗಿಲು ಎಂದು ಒಂದಾದ ಮೇಲೊಂದು. ಮಲೆನಾಡಿನ ಮಳೆಯಲ್ಲಿ ಬೆಳೆದವರಿಗೆ ಆ ಬಂಡೆಯ ಬಿಸಿಲು ಎಂಥದ್ದೆಂದು ನಾನು ಹೇಳಬಲ್ಲೆ. ಏಪ್ರಿಲ್‌ನಲ್ಲಿ ಮಧ್ಯಾಹ್ನ ಕಲ್ಲಿನ ಮೇಲೆ ಅಂಗೈ ಇಟ್ಟರೆ ದೋಸೆ ಕಾವಲಿ.

## ಇನ್ನಷ್ಟು ಕೆದಕುವವರಿಗೆ

ರಾಣಿಯ ಪರ ಹೇಳುವ ‘ಕೆಳದಿನೃಪವಿಜಯ’ ಆಸ್ಥಾನ ಕವಿಯ ಹೊಗಳಿಕೆ. ಅದನ್ನು ಹೇಗೆ ನಂಬೋದು?

ಪೂರ್ತಿ ನಂಬಬೇಡಿ. ಲಿಂಗಣ್ಣ ಕವಿಯ ಆ ಚಂಪೂ ಕಾವ್ಯ ಅರಮನೆಯ ಬಳಗದಲ್ಲಿ ಹುಟ್ಟಿದ್ದು. ಅರಸರೆಲ್ಲ ಅಲ್ಲಿ ಧರ್ಮಮೂರ್ತಿಗಳೇ. ಅದರಲ್ಲಿ ನಿಂಬಯ್ಯನ ಕಥೆ ಇಲ್ಲ ಎಂಬುದನ್ನೇ ದೊಡ್ಡ ಪುರಾವೆ ಮಾಡಿದರೆ ಅದೂ ಸುಲಭದ ವಾದ. ಸಂಕೋಚದ ವಿಷಯವನ್ನು ಯಾವ ಆಸ್ಥಾನ ಕವಿಯೂ ಬರೆಯುವುದಿಲ್ಲ.

ಆದರೆ ಒಂದು ಸಂಗತಿಯನ್ನು ತೂಕಕ್ಕೆ ಹಾಕಿ. ಕಾವ್ಯ ಅರಸೊತ್ತಿಗೆ ಮುಗಿಯುವವರೆಗಿನ ಕಥೆ ಹೇಳುತ್ತದೆ. ಅಂದರೆ ಲಿಂಗಣ್ಣ ಮುಗಿಸುವ ಹೊತ್ತಿಗೆ ಹೊಗಳಿದರೆ ಕೊಡುವುದಕ್ಕೆ ರಾಣಿಯ ಹತ್ತಿರ ಏನೂ ಇರಲಿಲ್ಲ. ಬೈದರೆ ಹೊಸ ದೊರೆಗೆ ಬೇಸರವಾಗುತ್ತಿರಲಿಲ್ಲ. ಆದರೂ ಬೈಯಲಿಲ್ಲ. ಇದು ಸಾಕ್ಷಿ ಎನಿಸಿಕೊಳ್ಳದಿದ್ದರೂ ನನ್ನ ತಕ್ಕಡಿ ಸ್ವಲ್ಪ ವಾಲುತ್ತದೆ.

ಕಾವ್ಯ ಬೇಡ, ಕಲ್ಲು ಬೇಕು ಎನ್ನುವವರು ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿಗೆ ಹೋಗಿ. ಶಾಸನ ವಿದ್ವಾಂಸ ಬಿ.ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನ ಸಂಗ್ರಹದ ಏಳು ಮತ್ತು ಎಂಟನೆಯ ಸಂಪುಟಗಳನ್ನು ಕೇಳಿ, ಶಿವಮೊಗ್ಗ ಜಿಲ್ಲೆಯ ಶಾಸನಗಳು ಅವುಗಳಲ್ಲಿವೆ. ಕೆಳದಿಯವರ ಭೂಮಿ, ಮಠ, ದತ್ತಿಯ ಲೆಕ್ಕ ಓದುತ್ತಾ ಹೋದರೆ ಒಂದು ರಾಜ್ಯ ನಡೆಯುತ್ತಿದ್ದ ಸದ್ದು ಕೇಳುತ್ತದೆ.

ಖಜಾನೆಯಲ್ಲಿ ನಿಜಕ್ಕೂ ಎಷ್ಟಿತ್ತು?

ವಿಲ್ಕ್ಸ್‌ನ ಅಂದಾಜು 1 ಕೋಟಿ 20 ಲಕ್ಷ ಪೌಂಡು. ಉತ್ಪ್ರೇಕ್ಷೆ ಎನ್ನುವವರೇ ಹೆಚ್ಚು, ನನಗೂ ಹಾಗೇ ಅನಿಸುತ್ತದೆ. ಆದರೆ ತನ್ನ ಏಳಿಗೆಗೆ ಬಿದನೂರೇ ಮೂಲ ಎಂದು ಹೈದರನೇ ಒಪ್ಪಿಕೊಳ್ಳುತ್ತಿದ್ದ. ಮಂಗಳೂರು ಸೇರಿ ಕರಾವಳಿ ಅವನ ಕೈಗೆ ಬಂದದ್ದು ಇದರ ಬೆನ್ನಿಗೇ.

ಮೊತ್ತಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದು ನಾಣ್ಯ. ಇಕ್ಕೇರಿ ವರಹದ ಒಂದು ಮುಖದಲ್ಲಿ ಕೂತ ಶಿವ ಪಾರ್ವತಿ, ಇನ್ನೊಂದು ಮುಖದಲ್ಲಿ ನಾಗರಿ ಅಕ್ಷರದಲ್ಲಿ ಶ್ರೀ ಸದಾಶಿವ. ಬಿದನೂರು ಗೆದ್ದ ಹೈದರ್ ತನ್ನ ಹೆಸರಲ್ಲಿ ನಾಣ್ಯ ಹೊಡೆಸಿದಾಗ ಶಿವ ಪಾರ್ವತಿಯರನ್ನು ಹಾಗೇ ಬಿಟ್ಟ. ಹಿಂಬದಿಯ ಬರಹ ಅಳಿಸಿ ತನ್ನ ಹೆಸರಿನ ಮೊದಲ ಪಾರಸಿ ಅಕ್ಷರವನ್ನು ಮಾತ್ರ ಇಟ್ಟ. ಬೆಂಗಳೂರಿನ ಕಲ್ಯಾಣಮಂಟಪವೊಂದರಲ್ಲಿ ನಡೆದ ನಾಣ್ಯ ಪ್ರದರ್ಶನದಲ್ಲಿ ಎರಡನ್ನೂ ಪಕ್ಕಪಕ್ಕದಲ್ಲಿ ನೋಡಿದೆ. ಕಿರುಬೆರಳ ಉಗುರಿನಷ್ಟಿದ್ದವು. ಭೂತಗನ್ನಡಿ ಹಿಡಿದರೆ ಮುಂಬದಿಯಲ್ಲಿ ವ್ಯತ್ಯಾಸ ಹೇಳುವುದು ಕಷ್ಟ. ತಿರುವಿದರೆ ಒಂದು ರಾಜ್ಯ ಹೋಗಿ ಇನ್ನೊಂದು ಬಂದಿದೆ. ವ್ಯಾಪಾರಿಗಳು ನಂಬಿದ್ದ ನಾಣ್ಯವನ್ನು ಕೆಡಿಸದಷ್ಟು ಜಾಣ ಅವನು.

ಚೆನ್ನಮ್ಮಾಜಿಯೂ ವಿಧವೆ, ದತ್ತು ತಗೊಂಡು ಆಳಿದವಳೇ. ಅವಳಿಗೆ ಬಾರದ ಕಳಂಕ ಇವಳಿಗೆ ಯಾಕೆ?

ಚೆನ್ನಮ್ಮಾಜಿ ಗೆದ್ದಳು, ಅಧಿಕಾರದಲ್ಲೇ ಕಣ್ಣು ಮುಚ್ಚಿದಳು. ಅವಳ ಕಥೆಯನ್ನು ಹೇಳಿದವರು ಅವಳ ಮನೆಯವರು. ದತ್ತುಮಗ ಬಸವಪ್ಪ ನಾಯಕನಂತೂ ‘ಶಿವತತ್ತ್ವರತ್ನಾಕರ’ ಎಂಬ ವಿಶ್ವಕೋಶದಂಥ ಗ್ರಂಥ ಬರೆದ ವಿದ್ವಾಂಸ. ವೀರಮ್ಮಾಜಿಯ ದತ್ತುಮಗ ಸೆರೆಯಲ್ಲಿ ಬೆಳೆದ. ಎರಡು ಮನೆ, ಒಂದೇ ಅಡಿಪಾಯ. ಒಂದರ ಮೇಲೆ ಮಾತ್ರ ಛಾವಣಿ ಉಳಿಯಿತು.

ಇವಳೊಬ್ಬಳಿಗೇ ಹೀಗಾಯಿತಾ?

ಪಂಜಾಬಿನ ರಾಣಿ ಜಿಂದಾಳನ್ನು ನೋಡಿ. ರಣಜಿತ್ ಸಿಂಗನ ವಿಧವೆ, ಮಗು ದಲೀಪ್ ಸಿಂಗನ ಪರವಾಗಿ ಆಳುತ್ತಿದ್ದಳು. ಕಂಪನಿಯವರು ಅವಳಿಗೆ ‘ಪಂಜಾಬಿನ ಮೆಸ್ಸಾಲಿನಾ’ ಎಂದು ಹೆಸರಿಟ್ಟರು. ಮೆಸ್ಸಾಲಿನಾ ಎಂದರೆ ಜಾರತನಕ್ಕೆ ಕುಖ್ಯಾತಳಾದ ರೋಮ್‌ನ ರಾಣಿ. 1847ರಲ್ಲಿ ಮಗನಿಂದ ದೂರ ಮಾಡಿ ಶೇಖೂಪುರದ ಕೋಟೆಗೆ ಹಾಕಿದರು, 1849ರಲ್ಲಿ ರಾಜ್ಯವನ್ನೇ ತೆಗೆದುಕೊಂಡರು. ವಿಧವೆ, ಮೈನರ್ ಮಗ, ತುಂಬಿದ ಖಜಾನೆ. ಈ ಮೂರು ಸೇರಿದ ಕಡೆ ನಾಲ್ಕನೆಯದಾಗಿ ಒಬ್ಬ ‘ಪ್ರಿಯಕರ’ ತಾನಾಗಿ ಬಂದು ಸೇರಿಕೊಳ್ಳುತ್ತಾನೆ.

ಒಂದು ಮಾತು ಆಂಟಿ. ಅಫೇರ್ ಇದ್ದರೂ ಏನೀಗ? ರಾಜರಿಗೆ ಅಂತಃಪುರವೇ ಇರುತ್ತಿತ್ತಲ್ಲ!

ಕಾಲೇಜು ಹುಡುಗಿಯೊಬ್ಬಳು ಕೇಳಿದಾಗ ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಅಲ್ಲಿಯವರೆಗೆ ನಾನು ವಾದಿಸುತ್ತಿದ್ದದ್ದು ‘ಛೇ, ಅವಳು ಅಂಥವಳಲ್ಲ’ ಎಂದು. ಅದರೊಳಗೆ, ಅಂಥವಳಾಗಿದ್ದರೆ ಬೈಯಿಸಿಕೊಳ್ಳಬೇಕಾದ್ದೇ ಎಂಬ ಒಪ್ಪಿಗೆಯೂ ಅಡಗಿತ್ತು. ಹುಡುಗಿ ಅದನ್ನು ಹಿಡಿದುಬಿಟ್ಟಳು.

ಈಗ ನಾನು ಎರಡನ್ನೂ ಬಿಡಿಸಿ ಹೇಳುತ್ತೇನೆ. ಕೊಲೆಯ ಆರೋಪ ಬೇರೆ, ಅದಕ್ಕೆ ಪುರಾವೆ ಬೇಕು, ಇಲ್ಲ. ಸಂಬಂಧದ ಮಾತು ಬೇರೆ, ಇದ್ದಿತೋ ಇಲ್ಲವೋ ಅದು ರಾಜ್ಯಭಾರದ ವಿಷಯವಲ್ಲ. ಆ ಕಾಲದ ಯಾವ ದೊರೆಯ ಆಡಳಿತವನ್ನೂ ನಾವು ಅವನ ಹಾಸಿಗೆಯಿಂದ ಅಳೆಯುವುದಿಲ್ಲ. ಇವಳ ಲೆಕ್ಕದಲ್ಲಿ ಮಾತ್ರ ಎರಡನ್ನೂ ಗಂಟು ಹಾಕಿದ್ದಾರೆ, ಎರಡನೆಯದನ್ನು ನಂಬಿದವರು ಮೊದಲನೆಯದನ್ನು ಕೇಳದೆ ನಂಬಲಿ ಎಂದು.

ಅವಳ ಜಾಗಗಳನ್ನು ನೋಡಬೇಕು. ಬೆಂಗಳೂರಿನಿಂದ ಹೇಗೆ ಹೋಗೋದು?

ಮಧುಗಿರಿ ಸುಮಾರು 100 ಕಿಲೋಮೀಟರ್. ಬೆಳಗಿನ ಜಾವ ಹೊರಟರೆ ಬಿಸಿಲೇರುವ ಮುಂಚೆ ಹತ್ತಿ ಇಳಿಯಬಹುದು. ಮಳೆ ಬಂದ ಮರುದಿನ ಹೋಗಬೇಡಿ, ಬಂಡೆ ಜಾರುತ್ತದೆ.

ನಗರಕ್ಕೆ ರಾತ್ರಿ ಬಸ್ಸು ಹಿಡಿದು ಬೆಳಗ್ಗೆ ಹೊಸನಗರದಲ್ಲಿ ಇಳಿಯಿರಿ. ಅಲ್ಲಿಂದ ಕುಂದಾಪುರದ ದಾರಿಯಲ್ಲಿ ಮುಕ್ಕಾಲು ಗಂಟೆಯೊಳಗೆ ಕೋಟೆ. ಒಳಗೆ ದರ್ಬಾರು ನಡೆಯುತ್ತಿತ್ತು ಎನ್ನುವ ಜಗುಲಿ, ಅಕ್ಕತಂಗಿ ಕೊಳ. ಇನ್ನೂ ಸಮಯ ಇದ್ದರೆ ದೇವಗಂಗೆಗೆ ಹೋಗಿ. ಕಾಡಿನ ನಡುವೆ ಕಲ್ಲಿನಲ್ಲಿ ಕಟ್ಟಿದ ಏಳೆಂಟು ಕೊಳಗಳು, ಬೇಸಿಗೆಯಲ್ಲೂ ನೀರು ತಣ್ಣಗೆ ಹರಿಯುತ್ತದೆ. ನಾನು ಕಳೆದ ಸಲ ಹೋದಾಗ ಕೋಟೆಯ ಮುಂದೆ ಗಾಡಿ ನಿಲ್ಲಿಸಿದ್ದ ಕುಟುಂಬವೊಂದರ ಅಪ್ಪ, ಮಗನಿಗೆ ‘ಇಲ್ಲೊಬ್ಬ ರಾಣಿ ಇದ್ದಳು, ಮಗನನ್ನೇ...’ ಎಂದು ಶುರುಮಾಡಿದ್ದ. ನಾನು ಹತ್ತಿರ ಹೋಗಿ, ‘ಒಂದು ನಿಮಿಷ ಸರ್, ಆ ಕಥೆ ನಾನು ಹೇಳಲಾ?’ ಎಂದೆ. ಅವರ ಬಸ್ಸೇನೂ ತಪ್ಪುವುದಿರಲಿಲ್ಲ. ನನ್ನದು ತಪ್ಪಿತು.